ಮಹಾಸರಣಿಯ ನಡುವಿನ ಸಂಪುಟ: ಓದುಗರ ಅಭಿಪ್ರಾಯ ಏಕೆ ಇಷ್ಟೊಂದು ಒಡೆಯುತ್ತದೆ?

ಎಪಿಕ್ ಫ್ಯಾಂಟಸಿ ಪ್ರಕಾರದ ದೀರ್ಘ ಕಾದಂಬರಿ ಸರಣಿಗಳಿಗೆ ಕಿರುತೆರೆಯ ಮೂಲಕ ಹೊಸ ಓದುಗರು ಬಂದಿದ್ದಾರೆ. 2011ರಲ್ಲಿ ‘ಗೇಮ್ ಆಫ್ ಥ್ರೋನ್ಸ್’, 2021ರಲ್ಲಿ ‘ದ ವ್ಹೀಲ್ ಆಫ್ ಟೈಮ್’ ಧಾರಾವಾಹಿಗಳಾಗಿ ಬಂದಾಗ, ಅದುವರೆಗೆ ಈ ಪ್ರಕಾರದತ್ತ ತಿರುಗಿ ನೋಡದಿದ್ದ ಅನೇಕರು ಮೂಲ ಪುಸ್ತಕಗಳನ್ನು ಕೈಗೆತ್ತಿಕೊಂಡರು. ಮೊದಲ ಸಂಪುಟವನ್ನು ಸಂತೋಷದಿಂದ ಮುಗಿಸಿದ ಇಂತಹ ಓದುಗರು, ಮುಂದಿನ ಸಾವಿರಾರು ಪುಟಗಳಿಗೆ ಸಮಯ ಕೊಡಬೇಕೆ ಬೇಡವೆ ಎಂದು ತಿಳಿಯಲು ಈಗಾಗಲೇ ಓದಿದವರ ಮಾತನ್ನು ಹುಡುಕುತ್ತಾರೆ. ಆಗ ಅವರಿಗೆ ಸಿಗುವುದು ಒಂದಕ್ಕೊಂದು ತಾಳೆಯಾಗದ ಉತ್ತರಗಳು.

ಒಬ್ಬರು ಒಂದು ನಡುವಿನ ಸಂಪುಟವನ್ನು ಇಡೀ ಸರಣಿಯ ಶಿಖರವೆನ್ನುತ್ತಾರೆ. ಇನ್ನೊಬ್ಬರು ಅದೇ ಸಂಪುಟದ ಅರ್ಧದಲ್ಲಿ ಪುಸ್ತಕ ಮುಚ್ಚಿಟ್ಟೆವೆನ್ನುತ್ತಾರೆ. ಮತ್ತೊಬ್ಬರು ಮೊದಲ ಸಲ ಬೇಸರ ತರಿಸಿದ ಅದೇ ಭಾಗ ಎರಡನೆಯ ಓದಿನಲ್ಲಿ ಮನಸ್ಸಿಗೆ ಹಿಡಿಸಿತೆನ್ನುತ್ತಾರೆ. ಮೂವರೂ ಪ್ರಾಮಾಣಿಕವಾಗಿಯೇ ಬರೆದಿರುತ್ತಾರೆ, ಮೂವರೂ ಅದೇ ಅಕ್ಷರಗಳನ್ನೇ ಓದಿರುತ್ತಾರೆ. ಆದರೆ ಅವರು ಅವನ್ನು ಯಾವ ವರ್ಷ, ಎಷ್ಟು ಕಾದು, ಯಾವ ಸಂಪುಟದ ಬೆನ್ನಿಗೆ ಓದಿದರು ಎಂಬುದು ಬೇರೆ ಬೇರೆಯಾಗಿರುತ್ತದೆ. ನಡುವಿನ ಸಂಪುಟದ ವಿಷಯದಲ್ಲಿ ಈ ವ್ಯತ್ಯಾಸಕ್ಕೆ ಎಷ್ಟು ತೂಕವಿದೆ, ಏಕಿದೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಉದಾಹರಣೆಗೆಂದು ಕೆಲವು ಸರಣಿಗಳನ್ನು ಹೆಸರಿಸಿದ್ದರೂ, ಇನ್ನೂ ಓದದವರ ಕುತೂಹಲ ಹಾಳಾಗದಂತೆ ಕಥೆಯ ತಿರುವುಗಳನ್ನು ಬಿಟ್ಟುಕೊಟ್ಟಿಲ್ಲ.

ಯಾವುದು ನಡುವಿನ ಸಂಪುಟ?

ತನ್ನದೇ ಆದ ಭೂಗೋಳ, ಚರಿತ್ರೆ, ರಾಜವಂಶಗಳು, ನಂಬಿಕೆಗಳು ಮತ್ತು ಮಾಂತ್ರಿಕ ನಿಯಮಗಳುಳ್ಳ ಒಂದು ಕಲ್ಪಿತ ಲೋಕದಲ್ಲಿ, ಆ ಲೋಕದ ಅಳಿವು-ಉಳಿವನ್ನೇ ಪಣಕ್ಕಿಟ್ಟು ನಡೆಯುವ ದೊಡ್ಡ ಹರವಿನ ಕಥೆಯನ್ನು ಎಪಿಕ್ ಫ್ಯಾಂಟಸಿ ಎನ್ನುತ್ತಾರೆ. ಇಂತಹ ಕಥೆ ಒಂದೇ ಪುಸ್ತಕದಲ್ಲಿ ಮುಗಿಯುವುದು ಅಪರೂಪ.

ಸರಣಿಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಪಾತ್ರಗಳು ಮುಂದುವರಿದರೂ ಪ್ರತಿ ಪುಸ್ತಕದ ಸಮಸ್ಯೆ ಆ ಪುಸ್ತಕದಲ್ಲೇ ಹುಟ್ಟಿ ಅಲ್ಲೇ ತೀರುತ್ತದೆ. ಪತ್ತೇದಾರಿ ಸರಣಿಗಳು ಬಹುಪಾಲು ಹೀಗೆ. ಅಲ್ಲಿ ಐದನೆಯ ಪುಸ್ತಕವೂ ಹತ್ತನೆಯ ಪುಸ್ತಕವೂ ಓದುಗರ ಮುಂದೆ ಸಮಾನವಾಗಿ ನಿಲ್ಲುತ್ತವೆ. ಎರಡನೆಯ ಬಗೆಯಲ್ಲಿ ಒಂದೇ ದೀರ್ಘ ಕಥೆಯನ್ನು ಹಲವು ಸಂಪುಟಗಳಾಗಿ ಕತ್ತರಿಸಿರುತ್ತಾರೆ. ನಡುವಿನ ಸಂಪುಟವೆಂಬ ಪ್ರಶ್ನೆ ಹುಟ್ಟುವುದು ಈ ಎರಡನೆಯ ಬಗೆಯಲ್ಲಿ. ಮೂರು ಸಂಪುಟಗಳ ಸರಣಿಯಲ್ಲಿ ಅದು ಒಂದೇ ಪುಸ್ತಕ, ಹದಿನಾಲ್ಕು ಸಂಪುಟಗಳ ಸರಣಿಯಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಹನ್ನೆರಡು ಪುಸ್ತಕಗಳು.

ಎಲ್ಲಿ ಕತ್ತರಿಸಬೇಕೆಂಬುದನ್ನು ಎಲ್ಲ ಸಲವೂ ಕಥೆಯೇ ನಿರ್ಧರಿಸುವುದಿಲ್ಲ. ಜೆ. ಆರ್. ಆರ್. ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಒಂದೇ ಕೃತಿಯಾಗಿ ಬರೆದಿದ್ದರು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಾಗದ ದುಬಾರಿಯಾಗಿದ್ದ ಕಾರಣ ಪ್ರಕಾಶಕರು ಅದನ್ನು ಮೂರು ಸಂಪುಟಗಳಾಗಿ 1954 ಮತ್ತು 1955ರಲ್ಲಿ ಹೊರತಂದರು. ನಡುವಿನ ‘ದ ಟೂ ಟವರ್ಸ್’ಗೆ ಸ್ವತಂತ್ರವಾದ ಆರಂಭವಿಲ್ಲ, ಸ್ವತಂತ್ರವಾದ ಅಂತ್ಯವೂ ಇಲ್ಲ. ಅದರ ಮೊದಲರ್ಧದಲ್ಲಿ ಒಂದು ಗುಂಪಿನ ಕಥೆ, ಉಳಿದರ್ಧದಲ್ಲಿ ಉಂಗುರ ಹೊತ್ತು ನಡೆಯುವವರ ಕಥೆ ಇದೆ. ಹಾಗಾಗಿ ಮೊದಲ ಸಂಪುಟದಲ್ಲಿ ಓದುಗರು ಯಾರ ಬೆನ್ನು ಹಿಡಿದು ಬಂದಿದ್ದರೋ ಆ ಪಾತ್ರವೇ ಅರ್ಧ ಪುಸ್ತಕ ಕಳೆಯುವವರೆಗೆ ಕಾಣಿಸುವುದಿಲ್ಲ. ಸಂಪುಟ ಮುಗಿಯುವುದಂತೂ ಅತ್ಯಂತ ಆತಂಕದ ಗಳಿಗೆಯಲ್ಲಿ. ಅದು ಹೊರಬಂದದ್ದು 1954ರ ನವೆಂಬರ್‌ನಲ್ಲಿ, ಮೂರನೆಯ ಸಂಪುಟ ಬಂದದ್ದು 1955ರ ಅಕ್ಟೋಬರ್‌ನಲ್ಲಿ. ಅನುಬಂಧಗಳನ್ನು ಸಿದ್ಧಪಡಿಸುವ ಕೆಲಸವೂ ತಡಕ್ಕೆ ಕಾರಣವಾಗಿ, ಅಂದಿನ ಓದುಗರು ಹನ್ನೊಂದು ತಿಂಗಳು ಆ ಆತಂಕದಲ್ಲೇ ಉಳಿದರು. ಇಂದು ಮೂರನ್ನೂ ಒಂದೇ ರಟ್ಟಿನೊಳಗೆ ಕೊಂಡು ಓದುವವರಿಗೆ ಅಲ್ಲಿ ಒಂದು ಸಂಪುಟ ಮುಗಿಯಿತೆಂಬುದು ಒಂದು ಹಾಳೆ ಮಗುಚುವಷ್ಟರ ವಿಷಯ.

ನಡುವಿನ ಸಂಪುಟ ಮಾಡಬೇಕಾದ ಕೆಲಸ

ಮೊದಲ ಸಂಪುಟಕ್ಕೆ ಹೊಸತನದ ಬಲವಿರುತ್ತದೆ. ಲೋಕ ಹೊಸದು, ಅದರ ಮಾಂತ್ರಿಕತೆ ಹೊಸದು. ಪ್ರತಿ ಅಧ್ಯಾಯವೂ ಏನನ್ನಾದರೂ ತೆರೆದು ತೋರಿಸುತ್ತದೆ. ಕೊನೆಯ ಸಂಪುಟಕ್ಕೆ ಮುಕ್ತಾಯದ ಬಲವಿರುತ್ತದೆ. ವರ್ಷಗಳಿಂದ ಕಟ್ಟಿಕೊಂಡು ಬಂದ ಗಂಟುಗಳು ಅಲ್ಲಿ ಬಿಚ್ಚಿಕೊಳ್ಳುತ್ತವೆ. ನಡುವಿನ ಸಂಪುಟದ ಪಾಲಿಗೆ ಬರುವುದು ಇವೆರಡೂ ಅಲ್ಲದ, ಆದರೆ ಇವೆರಡರಷ್ಟೇ ಅಗತ್ಯವಾದ ಕೆಲಸ. ಮೊದಲ ಸಂಪುಟದಲ್ಲಿ ಒಟ್ಟಾಗಿದ್ದ ಪಾತ್ರಗಳನ್ನು ಬೇರೆ ಬೇರೆ ದಿಕ್ಕಿಗೆ ಕಳಿಸಬೇಕು. ಅವರು ಹಿಂದೆ ಮಾಡಿದ ಆಯ್ಕೆಗಳ ಫಲವನ್ನು ಅವರೇ ಅನುಭವಿಸುವಂತೆ ಮಾಡಬೇಕು. ಕೊನೆಯ ಯುದ್ಧಕ್ಕೆ ಯಾರು ಯಾವ ಪಕ್ಷದಲ್ಲಿ, ಯಾವ ಜಾಗದಲ್ಲಿ ನಿಂತಿರಬೇಕೋ ಅಲ್ಲಿಗೆ ಅವರನ್ನು ಮುಟ್ಟಿಸಬೇಕು. ಗೆಲುವು ಅಷ್ಟು ಸುಲಭವಲ್ಲವೆಂದು ಓದುಗರಿಗೆ ಮನದಟ್ಟಾಗಲು ಸೋಲುಗಳು ಬೇಕು, ಅವು ಬರುವುದೂ ಇಲ್ಲಿಯೇ.

ಕಟ್ಟುತ್ತಿರುವ ಮನೆಯೊಂದನ್ನು ನೆನೆಸಿಕೊಳ್ಳಬಹುದು. ಗೋಡೆಗಳು ಎದೆಮಟ್ಟಕ್ಕೆ ಎದ್ದಿರುವಾಗ ನೋಡಲು ಬಂದವರಿಗೆ ಇಟ್ಟಿಗೆ, ಮರಳು, ಆಧಾರಕ್ಕೆ ನಿಲ್ಲಿಸಿದ ಕಂಬಗಳು ಕಾಣುತ್ತವೆಯೇ ಹೊರತು ಮನೆ ಕಾಣುವುದಿಲ್ಲ. ಯಾವ ಗೋಡೆ ಚಾವಣಿಯ ಭಾರ ಹೊರಲಿದೆ, ಯಾವುದು ಬರಿಯ ಅಡ್ಡಗೋಡೆ ಎಂದು ಆಗಲೇ ಹೇಳುವುದು ಕಷ್ಟ. ಚಾವಣಿ ಬಿದ್ದ ಮೇಲೆ ಬಂದವರಿಗೆ ಅದು ತಾನಾಗಿ ಗೊತ್ತಾಗುತ್ತದೆ. ಸರಣಿ ಮುಗಿಯುವ ಮೊದಲು ಬರೆದ ಅಭಿಪ್ರಾಯಕ್ಕೂ ಮುಗಿದ ನಂತರ ಬರೆದ ಅಭಿಪ್ರಾಯಕ್ಕೂ ಇರುವ ಅಂತರ ಇಂತಹದು. ಹಾಗೆಂದು ಮೊದಲು ಬಂದವರ ನೋಟವನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಅವರ ಕಣ್ಣ ಮುಂದೆ ಅಂದು ಇದ್ದದ್ದು ಅಷ್ಟೇ.

ಇದರ ಜೊತೆಗೆ ಪುಟಗಳ ಲೆಕ್ಕವೊಂದಿದೆ, ಮತ್ತು ನಡುವಿನ ಸಂಪುಟಗಳ ನಿಧಾನಗತಿಗೆ ಬಹುಪಾಲು ಕಾರಣ ಈ ಸರಳ ಲೆಕ್ಕವೇ. ಇಂದಿನ ಎಪಿಕ್ ಫ್ಯಾಂಟಸಿಯಲ್ಲಿ ಹೆಚ್ಚಾಗಿ ಪ್ರತಿ ಅಧ್ಯಾಯವನ್ನೂ ಯಾವುದಾದರೊಂದು ಪಾತ್ರದ ಕಣ್ಣಿನಿಂದ ಹೇಳುತ್ತಾರೆ. ಅಂತಹ ಪಾತ್ರವನ್ನು ದೃಷ್ಟಿಕೋನ ಪಾತ್ರ ಎನ್ನಬಹುದು. ಎಂಟುನೂರು ಪುಟಗಳ ಮೊದಲ ಸಂಪುಟದಲ್ಲಿ ನಾಲ್ಕು ದೃಷ್ಟಿಕೋನ ಪಾತ್ರಗಳಿದ್ದರೆ ಒಬ್ಬೊಬ್ಬರಿಗೆ ಇನ್ನೂರು ಪುಟ ಸಿಗುತ್ತದೆ, ಒಂದು ಪೂರ್ಣ ಕಥೆಗೆ ಅಷ್ಟು ಸಾಕು. ಕಥೆ ಹರಡಿಕೊಂಡು ಐದನೆಯ ಸಂಪುಟದ ಹೊತ್ತಿಗೆ ಅಂತಹ ಪಾತ್ರಗಳು ಇಪ್ಪತ್ತಾದರೆ, ಅದೇ ಎಂಟುನೂರು ಪುಟಗಳಲ್ಲಿ ಒಬ್ಬೊಬ್ಬರ ಪಾಲು ನಲವತ್ತಕ್ಕೆ ಇಳಿಯುತ್ತದೆ. ನಲವತ್ತು ಪುಟಗಳಲ್ಲಿ ಒಂದು ಪಾತ್ರ ಊರಿನಿಂದ ಊರಿಗೆ ಹೋಗಬಹುದು, ಒಂದು ನಿರ್ಧಾರಕ್ಕೆ ಬರಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಜಾಗವಿರುವುದಿಲ್ಲ. ಲೇಖಕರು ಎಂದಿನಂತೆಯೇ ಬರೆಯುತ್ತಿದ್ದರೂ ಕಥೆ ನಿಂತಲ್ಲೇ ನಿಂತಂತೆ ಓದುಗರಿಗೆ ಭಾಸವಾಗುತ್ತದೆ.

ಒಂದು ಹತ್ತನೆಯ ಸಂಪುಟದ ಕಥೆ

ಈ ಎಲ್ಲ ಅಂಶಗಳೂ ಒಟ್ಟಿಗೆ ಕಾಣಸಿಗುವ ಪುಸ್ತಕವೊಂದಿದೆ, ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ರಾಬರ್ಟ್ ಜೋರ್ಡನ್ ಅವರ ‘ದ ವ್ಹೀಲ್ ಆಫ್ ಟೈಮ್’ ಸರಣಿಯ ಮೊದಲ ಸಂಪುಟ ಬಂದದ್ದು 1990ರ ಜನವರಿಯಲ್ಲಿ. ಆರಂಭದಲ್ಲಿ ವರ್ಷಕ್ಕೊಂದರಂತೆ, 1990ರಲ್ಲಂತೂ ಎರಡು, ಸಂಪುಟಗಳು ಬಂದವು. ಆರನೆಯದು 1994ರಲ್ಲಿ ಹೊರಬಂತು. ಅಲ್ಲಿಂದಾಚೆಗೆ ಅಂತರ ಹಿಗ್ಗಿತು. ಏಳನೆಯದು 1996ರಲ್ಲಿ, ಎಂಟನೆಯದು 1998ರಲ್ಲಿ, ಒಂಬತ್ತನೆಯದು 2000ದಲ್ಲಿ, ಹತ್ತನೆಯದಾದ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ 2003ರ ಜನವರಿಯಲ್ಲಿ ಬಂದವು. ಸಂಪುಟಗಳ ನಡುವಿನ ಕಾಲ ಹಿಗ್ಗುತ್ತಿದ್ದ ಹೊತ್ತಿನಲ್ಲೇ ಸಂಪುಟದೊಳಗಿನ ಕಥಾಕಾಲ ಕುಗ್ಗುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಒಂಬತ್ತನೆಯ ಸಂಪುಟದ ಕೊನೆಯಲ್ಲಿ ಆ ಲೋಕದ ಮಾಂತ್ರಿಕ ವ್ಯವಸ್ಥೆಯನ್ನೇ ಬದಲಿಸುವ ಒಂದು ಮಹಾಘಟನೆ ನಡೆಯುತ್ತದೆ. ಓದುಗರು ಎರಡು ವರ್ಷ ಕಾದದ್ದು ಅದರ ಪರಿಣಾಮವೇನೆಂದು ತಿಳಿಯಲು. ಹತ್ತನೆಯ ಸಂಪುಟವಾದರೋ ಕಾಲದಲ್ಲಿ ಹಿಂದೆ ಸರಿದು, ಆ ಘಟನೆ ನಡೆಯುತ್ತಿದ್ದ ದಿನಗಳಲ್ಲಿ ಉಳಿದ ಪಾತ್ರಗಳು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ಒಬ್ಬೊಬ್ಬರಾಗಿ ಹೇಳುತ್ತ ಹೋಗುತ್ತದೆ. ಒಬ್ಬರ ನಂತರ ಒಬ್ಬರು ದೂರದಲ್ಲಿ ಅಗಾಧ ಶಕ್ತಿಯೊಂದು ಹೊತ್ತಿ ಉರಿಯುತ್ತಿರುವುದನ್ನು ಗ್ರಹಿಸುತ್ತಾರೆ, ಅದೇನೆಂದು ಅಚ್ಚರಿಪಡುತ್ತಾರೆ, ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ಸರಣಿಯ ಕೇಂದ್ರಪಾತ್ರ ಈ ಸಂಪುಟದಲ್ಲಿ ಕಾಣಿಸಿಕೊಳ್ಳುವುದು ಅತಿ ಕಡಿಮೆ. ಇದಲ್ಲದೆ, ಎಂಟನೆಯ ಸಂಪುಟದಲ್ಲಿ ನಡೆದ ಒಂದು ಅಪಹರಣದ ಎಳೆ ಹತ್ತನೆಯದರಲ್ಲೂ ಮುಗಿಯದೆ, 2005ರಲ್ಲಿ ಬಂದ ಹನ್ನೊಂದನೆಯ ಸಂಪುಟದವರೆಗೆ ಎಳೆದುಕೊಂಡು ಹೋಗುತ್ತದೆ. ಪುಸ್ತಕಗಳನ್ನು ಬಂದಂತೆಲ್ಲ ಓದುತ್ತಿದ್ದವರಿಗೆ ಆ ಒಂದು ಎಳೆಯೇ ಏಳು ವರ್ಷ ಹಿಡಿಯಿತು.

ಹತ್ತನೆಯ ಸಂಪುಟ ಮಾರಾಟದ ಪಟ್ಟಿಯಲ್ಲಿ ಮೇಲೇರಿತು, ಅದೇ ಹೊತ್ತಿಗೆ ಓದುಗರ ಕಟುವಾದ ಟೀಕೆಗೂ ಗುರಿಯಾಯಿತು. ಇದರಲ್ಲಿ ವಿರೋಧಾಭಾಸವೇನಿಲ್ಲ: ಒಂಬತ್ತು ಸಂಪುಟಗಳನ್ನು ಪ್ರೀತಿಸಿದವರು ಹತ್ತನೆಯದನ್ನು ಕೊಳ್ಳದೆ ಬಿಡುವುದಿಲ್ಲ, ಅಷ್ಟು ಪ್ರೀತಿಸಿದವರಿಗೆ ಆಗುವ ನಿರಾಸೆಯೂ ಅಷ್ಟೇ ತೀವ್ರವಾಗಿರುತ್ತದೆ. ಈ ಭಾಗವನ್ನು ಇಂಗ್ಲಿಷ್ ಓದುಗರು ‘ಸ್ಲಾಗ್’ ಎಂದು ಕರೆಯುವುದು ರೂಢಿಯಾಯಿತು. ಕಷ್ಟಪಟ್ಟು ಕಾಲೆಳೆದುಕೊಂಡು ದಾಟಬೇಕಾದ ಹಾದಿ ಎಂಬ ಅರ್ಥದಲ್ಲಿ. ಅದು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ಒಮ್ಮತವಿಲ್ಲ. ಕೆಲವರು ಏಳರಿಂದ ಎಣಿಸುತ್ತಾರೆ, ಕೆಲವರು ಎಂಟರಿಂದ. ಹತ್ತನೆಯದೊಂದನ್ನೇ ದೂರುವವರೂ ಇದ್ದಾರೆ.

2007ರ ಸೆಪ್ಟೆಂಬರ್‌ನಲ್ಲಿ ಜೋರ್ಡನ್ ನಿಧನರಾದರು. ಅವರು ಬಿಟ್ಟುಹೋದ ಟಿಪ್ಪಣಿಗಳು ಮತ್ತು ಬರೆದಿಟ್ಟ ಭಾಗಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು ಪೂರ್ಣಗೊಳಿಸಿದರು. ಹದಿನಾಲ್ಕನೆಯದು 2013ರ ಜನವರಿಯಲ್ಲಿ ಬಂತು. ಹತ್ತನೆಯ ಸಂಪುಟದ ಬಗೆಗಿನ ಮಾತಿನ ಧಾಟಿ ಬದಲಾಗತೊಡಗಿದ್ದು ಇದರ ನಂತರ. ಈಗ ಹೊಸದಾಗಿ ಓದುವವರು ಒಂಬತ್ತನೆಯದನ್ನು ಮುಗಿಸಿ ಮರುದಿನವೇ ಹತ್ತನೆಯದನ್ನು ತೆರೆಯಬಹುದು, ನಿಧಾನವೆನಿಸಿದರೆ ಒಂದೆರಡು ವಾರಗಳಲ್ಲಿ ದಾಟಿ ವೇಗದ ಹನ್ನೊಂದನೆಯದಕ್ಕೆ ಹೋಗಬಹುದು. ಅವರಲ್ಲಿ ಹಲವರು ಈ ಸಂಪುಟವನ್ನು ‘ನಿಧಾನ, ಆದರೆ ಹೇಳುವಷ್ಟು ಕೆಟ್ಟದ್ದಲ್ಲ’ ಎನ್ನುತ್ತಾರೆ. ಹಳಬರು ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಅವರ ಅನುಭವದಲ್ಲಿ ಆ ಪುಸ್ತಕದ ಎರಡೂ ಕಡೆ ಎರಡೆರಡು ವರ್ಷಗಳಿಗೂ ಮೀರಿದ ಖಾಲಿ ಕಾಲ ಸೇರಿಕೊಂಡಿದೆ. ಇಷ್ಟಾದರೂ ಎಲ್ಲವನ್ನೂ ಕಾಯುವಿಕೆಯ ತಲೆಗೆ ಕಟ್ಟುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಮುಖ್ಯ ಘಟನೆ ಗೊತ್ತಿರುವ ಓದುಗರನ್ನು ಅದೇ ಘಟನೆಯ ಅಂಚಿಗೆ ಮತ್ತೆ ಮತ್ತೆ ಕರೆದೊಯ್ಯುವ ರಚನೆ ಎಷ್ಟು ಬೇಗ ಓದಿದರೂ ನಿಧಾನವೇ. ಕಾಯುವಿಕೆ ಆ ದೋಷವನ್ನು ಹುಟ್ಟುಹಾಕಲಿಲ್ಲ, ಹಲವು ಪಟ್ಟು ಹಿಗ್ಗಿಸಿತು.

ಎರಡಾಗಿ ಸೀಳಿದ ಕಥೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ, ಅಂದರೆ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗೆ ಮೂಲವಾದ ಪುಸ್ತಕಗಳ, ತೊಂದರೆ ಬೇರೆ ಬಗೆಯದು. ಮೂರು ಸಂಪುಟಗಳೆಂದು ಯೋಜಿಸಿದ ಈ ಕಥೆ ಬೆಳೆಯುತ್ತ ಏಳಕ್ಕೆ ಮುಟ್ಟಿತು. ಅವುಗಳಲ್ಲಿ ಈವರೆಗೆ ಐದು ಬಂದಿವೆ. 2000ದಲ್ಲಿ ಬಂದ ಮೂರನೆಯ ಸಂಪುಟದ ನಂತರ ಕಥೆಯನ್ನು ಐದು ವರ್ಷ ಮುಂದಕ್ಕೆ ಜಿಗಿಸಿ, ಬಾಲಕ ಬಾಲಕಿಯರಾಗಿದ್ದ ಪಾತ್ರಗಳಿಗೆ ವಯಸ್ಸು ತುಂಬಲು ಅವಕಾಶ ಕೊಡುವ ಯೋಚನೆ ಲೇಖಕರಿಗಿತ್ತು. ಆ ಯೋಚನೆ ಕೈಗೂಡಲಿಲ್ಲ. ನಡುವಿನ ವರ್ಷಗಳನ್ನು ಬಿಡದೆ ಬರೆಯಲು ಹೊರಟಾಗ ಹಸ್ತಪ್ರತಿ ಒಂದು ಪುಸ್ತಕಕ್ಕೆ ಹಿಡಿಸದಷ್ಟು ಬೆಳೆಯಿತು.

ಇಂತಹ ಸಂದರ್ಭದಲ್ಲಿ ಹಸ್ತಪ್ರತಿಯನ್ನು ಕಾಲದ ಲೆಕ್ಕದಲ್ಲಿ ತುಂಡರಿಸುವುದು ಸಾಮಾನ್ಯ: ಮೊದಲ ಅರ್ಧ ಒಂದು ಪುಸ್ತಕ, ಮುಂದಿನ ಅರ್ಧ ಇನ್ನೊಂದು. ಮಾರ್ಟಿನ್ ಪಾತ್ರ ಮತ್ತು ಪ್ರದೇಶದ ಲೆಕ್ಕದಲ್ಲಿ ತುಂಡರಿಸಿದರು. ಎಲ್ಲ ಪಾತ್ರಗಳ ಅರ್ಧ ಕಥೆ ಹೇಳುವುದಕ್ಕಿಂತ ಅರ್ಧ ಪಾತ್ರಗಳ ಪೂರ್ಣ ಕಥೆ ಹೇಳುವುದು ಮೇಲೆಂಬ ವಿವರಣೆಯನ್ನು ಅವರು ಪುಸ್ತಕದ ಕೊನೆಯಲ್ಲೇ ಕೊಟ್ಟಿದ್ದಾರೆ. ಪರಿಣಾಮವಾಗಿ 2005ರ ನಾಲ್ಕನೆಯ ಸಂಪುಟ ‘ಎ ಫೀಸ್ಟ್ ಫಾರ್ ಕ್ರೋಸ್’ನಲ್ಲಿ ಜಾನ್ ಸ್ನೋ, ಡನೇರಿಸ್, ಟಿರಿಯನ್ ಎಂಬ ಮೂವರು ಅತಿ ಜನಪ್ರಿಯ ಪಾತ್ರಗಳಿಗೆ ಒಂದೂ ಅಧ್ಯಾಯವಿಲ್ಲ. ಅವರ ಕಥೆಯುಳ್ಳ ಐದನೆಯ ಸಂಪುಟ ಮುಂದಿನ ವರ್ಷವೇ ಬರಬಹುದೆಂಬ ಆಶಯವೂ ಅದೇ ಟಿಪ್ಪಣಿಯಲ್ಲಿತ್ತು. ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಬಂದದ್ದು 2011ರ ಜುಲೈನಲ್ಲಿ.

ಹೀಗಾಗಿ 2005ರಲ್ಲಿ ಬರೆದ ಅಭಿಪ್ರಾಯಗಳಲ್ಲಿ ಬಹುಪಾಲು ಆ ಪುಸ್ತಕದಲ್ಲಿ ಇಲ್ಲದ್ದರ ಕುರಿತಾಗಿವೆ. 2011ರ ನಂತರ ಓದಿದವರು ಅದರಲ್ಲಿ ಇದ್ದದ್ದನ್ನು ನೋಡತೊಡಗಿದರು: ಯುದ್ಧ ಮುಗಿದ ನಾಡಿನಲ್ಲಿ ಸಾಮಾನ್ಯ ಜನರ ಪಾಡು, ಗೆದ್ದವರ ಆಡಳಿತ ಒಳಗಿಂದ ಕೊಳೆಯುವ ಬಗೆ, ಅದುವರೆಗೆ ಹೊರಗಿನಿಂದ ಮಾತ್ರ ಕಂಡಿದ್ದ ಒಬ್ಬ ರಾಣಿಯ ಮನಸ್ಸಿನ ಒಳಗು. ಎರಡೂ ಸಂಪುಟಗಳ ಅಧ್ಯಾಯಗಳನ್ನು ಕಾಲಾನುಕ್ರಮದಲ್ಲಿ ಹೆಣೆದು ಒಂದೇ ದೊಡ್ಡ ಪುಸ್ತಕದಂತೆ ಓದುವ ಕ್ರಮಗಳನ್ನು ಅಭಿಮಾನಿಗಳೇ ಸಿದ್ಧಪಡಿಸಿದ್ದಾರೆ. ಸರಣಿಯಲ್ಲಿ ತಮಗೆ ಅತ್ಯಂತ ಪ್ರಿಯವಾದದ್ದು ಈ ನಾಲ್ಕನೆಯದೇ ಎನ್ನುವ ಮರು-ಓದುಗರು ಈಗ ಅಪರೂಪವಲ್ಲ.

ನಾಯಕನನ್ನು ಬಿಟ್ಟುಕೊಟ್ಟೂ ಗೆದ್ದ ಸಂಪುಟಗಳು

ಪರಿಚಿತ ಪಾತ್ರಗಳ ಗೈರುಹಾಜರಿಯೇ ಅಸಮಾಧಾನದ ಮೂಲವೆಂದು ಇಷ್ಟರಿಂದ ತೀರ್ಮಾನಿಸುವಂತಿಲ್ಲ. ಅರ್ಸುಲಾ ಕೆ. ಲೆ ಗ್ವಿನ್ ಅವರ ‘ಅರ್ಥ್‌ಸೀ’ ಸರಣಿಯ ಮೊದಲ ಪುಸ್ತಕ 1968ರಲ್ಲಿ ಬಂದಾಗ ಅದು ಗೆಡ್ ಎಂಬ ಯುವ ಮಾಂತ್ರಿಕನ ಕಥೆಯಾಗಿತ್ತು. 1971ರ ಎರಡನೆಯ ಪುಸ್ತಕ ‘ದ ಟೂಂಬ್ಸ್ ಆಫ್ ಅಟುವಾನ್’ ಆರಂಭವಾಗುವುದು ದೂರದ ಮರುಭೂಮಿಯಲ್ಲಿ ದೈವಕ್ಕೆ ಒಪ್ಪಿಸಿಬಿಟ್ಟ ಒಬ್ಬ ಹುಡುಗಿಯಿಂದ. ಗೆಡ್ ಬರುವುದು ಕಥೆ ಸಾಕಷ್ಟು ಮುಂದುವರಿದ ಮೇಲೆ, ಅದೂ ಅವಳ ಕಣ್ಣಿಗೆ ಕಂಡ ಅಪರಿಚಿತನಾಗಿ. ಪುಸ್ತಕಕ್ಕೆ 1972ರಲ್ಲಿ, ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬರಿ ಆನರ್ ಮನ್ನಣೆ ದೊರೆಯಿತು, ಇಂದಿಗೂ ಅದನ್ನು ಸರಣಿಯ ಅತ್ಯುತ್ತಮ ಭಾಗವೆನ್ನುವವರಿದ್ದಾರೆ. ಅದು ಚಿಕ್ಕ ಪುಸ್ತಕ. ಒಂದೇ ಜಾಗ, ಒಂದೇ ಮುಖ್ಯ ಪಾತ್ರ, ಅವಳ ಬಿಡುಗಡೆಯೊಂದಿಗೆ ಮುಗಿಯುವ ಪೂರ್ಣ ವೃತ್ತ. ನಡುವಿನ ಸಂಪುಟಕ್ಕೆ ತನ್ನದೇ ಪ್ರಶ್ನೆಯೂ ತನ್ನದೇ ಉತ್ತರವೂ ಇದ್ದರೆ, ಹಳೆಯ ನಾಯಕನನ್ನು ಓದುಗರು ಅಷ್ಟಾಗಿ ಅರಸುವುದಿಲ್ಲ.

ಸ್ಟೀವನ್ ಎರಿಕ್ಸನ್ ಅವರ ಹತ್ತು ಸಂಪುಟಗಳ ‘ಮಲಾಜನ್’ ಸರಣಿ ಇದನ್ನೇ ಇನ್ನೂ ಧೈರ್ಯದಿಂದ ಮಾಡುತ್ತದೆ. ಎರಡನೆಯ ಸಂಪುಟ ಕಥೆಯನ್ನು ಬೇರೊಂದು ಖಂಡಕ್ಕೆ ಒಯ್ದರೆ, ಐದನೆಯದು ಬಹುತೇಕ ಹೊಸ ಪಾತ್ರಗಳೊಂದಿಗೆ ಮತ್ತೊಂದು ಖಂಡದಲ್ಲಿ ತೆರೆದುಕೊಳ್ಳುತ್ತದೆ. ಸರಣಿಯನ್ನು ಅಲ್ಲಿಗೇ ಬಿಟ್ಟವರೂ ಇದ್ದಾರೆ. ಎರಡನೆಯ ಸಂಪುಟದಲ್ಲಿ ನಿರಾಶ್ರಿತರನ್ನು ಕಾಯುತ್ತ ಹಿಂದೆ ಸರಿಯುವ ಸೈನ್ಯದ ಭಾಗವನ್ನು ಓದಿದ ಮೇಲೆಯೇ ಸರಣಿಗೆ ಪೂರ್ತಿ ಒಲಿದವರೂ ಇದ್ದಾರೆ.

ನಕ್ಷತ್ರಗಳ ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಓದುಗರ ಅಭಿಪ್ರಾಯವೆಂದರೆ ಈಗ ಬರಹದ ಜೊತೆಗೆ ಅಂಕವೂ ಹೌದು. ಐದು ನಕ್ಷತ್ರಗಳಲ್ಲಿ ಎಷ್ಟು ಎಂಬ ಲೆಕ್ಕ. ಸರಣಿಯ ಸಂಪುಟಗಳ ಅಂಕಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಾಗ ಅನೇಕರ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ.

ನೂರು ಜನ ಮೊದಲ ಸಂಪುಟ ಓದಿದರೆಂದು ಭಾವಿಸೋಣ. ಎಪ್ಪತ್ತು ಜನರಿಗೆ ಹಿಡಿಸಿ ನಾಲ್ಕು ನಕ್ಷತ್ರ ಕೊಟ್ಟರು, ಮೂವತ್ತು ಜನರಿಗೆ ಹಿಡಿಸದೆ ಎರಡು ಕೊಟ್ಟರು, ಸರಾಸರಿ 3.4 ಆಯಿತು. ಹಿಡಿಸದ ಮೂವತ್ತು ಜನ ಎರಡನೆಯ ಸಂಪುಟವನ್ನು ಕೊಳ್ಳುವುದೇ ಇಲ್ಲ. ಉಳಿದ ಎಪ್ಪತ್ತು ಜನ ಅದಕ್ಕೂ ನಾಲ್ಕೇ ನಕ್ಷತ್ರ ಕೊಟ್ಟರೆ ಸರಾಸರಿ 4ಕ್ಕೆ ಏರುತ್ತದೆ. ಪುಸ್ತಕ ಒಂದಿಷ್ಟೂ ಉತ್ತಮವಾಗಿಲ್ಲ, ಅಂಕ ಮಾತ್ರ ಮೇಲೆ ಹೋಗಿದೆ. ಪ್ರತಿ ಸಂಪುಟದಲ್ಲೂ ಅತೃಪ್ತರು ಹೀಗೆ ಸೋಸಿಹೋಗುವುದರಿಂದ, ಸರಣಿ ಮುಂದುವರಿದಂತೆ ಅಂಕ ಏರುವುದೇ ಸಹಜವಾದ ಚಲನೆ.

ಇದರಿಂದ ಎರಡು ಪಾಠಗಳು ಸಿಗುತ್ತವೆ. ಎಂಟನೆಯ ಸಂಪುಟಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಅಂಕವಿದ್ದರೆ ಅದು ಮೇಲಾದ ಪುಸ್ತಕವೆಂದು ಅಷ್ಟರಿಂದಲೇ ಹೇಳಲಾಗದು; ಅಲ್ಲಿಯವರೆಗೆ ಬಂದವರೆಲ್ಲ ಈ ಸರಣಿಯನ್ನು ಇಷ್ಟಪಟ್ಟವರೇ. ಎರಡನೆಯದು ಇನ್ನೂ ಮುಖ್ಯ: ಇಷ್ಟಪಟ್ಟವರೇ ಉಳಿದಿರುವ ಕೂಟದಲ್ಲೂ ಒಂದು ಸಂಪುಟದ ಅಂಕ ಕುಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಮತ್ತು ‘ಎ ಫೀಸ್ಟ್ ಫಾರ್ ಕ್ರೋಸ್’ ಎರಡೂ ತಂತಮ್ಮ ಸರಣಿಗಳಲ್ಲಿ ಕಡಿಮೆ ಅಂಕ ಪಡೆದ ಪುಸ್ತಕಗಳು. ಹೊರಗಿನವರ ತಾತ್ಸಾರಕ್ಕೂ ಆ ಕುಸಿತಕ್ಕೂ ಸಂಬಂಧವಿಲ್ಲ, ಅದರಲ್ಲಿರುವುದು ಒಳಗಿನವರ ನಿರಾಸೆ.

ಅಂಕದ ಸರಾಸರಿ ಕಾಲವನ್ನೂ ಮರೆಮಾಡುತ್ತದೆ. ಪುಸ್ತಕ ಬಂದ ವಾರ ಕಾದು ಕೊಂಡವರ ಅಂಕವೂ, ಹತ್ತು ವರ್ಷದ ನಂತರ ಇಡೀ ಸರಣಿಯನ್ನು ಒಂದೇ ಉಸಿರಿಗೆ ಓದಿದವರ ಅಂಕವೂ ಒಂದೇ ಸಂಖ್ಯೆಯಲ್ಲಿ ಬೆರೆತುಹೋಗುತ್ತವೆ. ಬರೆದ ಅಭಿಪ್ರಾಯದ ಮೇಲೆ ಸಾಮಾನ್ಯವಾಗಿ ತಾರೀಖು ಇರುತ್ತದೆ. ಓದುವ ಮುನ್ನ ಅದನ್ನು ನೋಡಿಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಇದರ ಜೊತೆಗೆ, ‘ಈ ಸಂಪುಟ ನಿಧಾನ’ ಎಂಬ ಎಚ್ಚರಿಕೆಯನ್ನು ಮೊದಲೇ ಕೇಳಿ ಬಂದವರು ನಿರೀಕ್ಷೆಯನ್ನು ಇಳಿಸಿಕೊಂಡು ಬಂದಿರುತ್ತಾರೆ. ಹಳಬರ ಕಹಿಯೇ ಹೊಸಬರ ಓದನ್ನು ಹಗುರ ಮಾಡುವುದು ಹೀಗೆ.

ಮತ್ತೆ ಮತ್ತೆ ಕೇಳುವ ಮಾತುಗಳು

ನಡುವಿನ ಸಂಪುಟಗಳ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ‘ಏನೂ ನಡೆಯುವುದಿಲ್ಲ’ ಎಂಬುದು. ಅಕ್ಷರಶಃ ಇದು ನಿಜವಾಗಿರುವುದು ಕಡಿಮೆ. ಅಧ್ಯಾಯ ಅಧ್ಯಾಯಗಳ ಸಾರಾಂಶ ಬರೆಯಲು ಕೂತರೆ ಒಪ್ಪಂದಗಳು, ದ್ರೋಹಗಳು, ಪ್ರಯಾಣಗಳು, ಸಾವುಗಳು ಪುಟ ತುಂಬುತ್ತವೆ. ಓದುಗರು ಹೇಳುತ್ತಿರುವುದು ತಾವು ಹಿಂದಿನ ಸಂಪುಟದಿಂದ ಹೊತ್ತು ತಂದ ಪ್ರಶ್ನೆಗೆ ಉತ್ತರ ಸಿಗಲಿಲ್ಲವೆಂದು. ಘಟನೆಗಳು ಎಷ್ಟಿದ್ದರೂ ಅವು ಆ ಪ್ರಶ್ನೆಯನ್ನು ಒಂದು ಹೆಜ್ಜೆಯೂ ಮುಂದೆ ಒಯ್ಯದಿದ್ದರೆ ಕಥೆ ನಿಂತಂತೆಯೇ. ಆದ್ದರಿಂದ ಈ ದೂರನ್ನು ಓದುವಾಗ, ಬರೆದವರು ಯಾವ ಪಾತ್ರದ ಬಗ್ಗೆ, ಯಾವ ಎಳೆಯ ಬಗ್ಗೆ ಕಾತರರಾಗಿದ್ದರು ಎಂದು ಹುಡುಕಬೇಕು. ಅದೇ ಎಳೆ ನಿಮಗೂ ಮುಖ್ಯವಾಗಿದ್ದರೆ ಅವರ ಬೇಸರ ನಿಮ್ಮದೂ ಆಗುವ ಸಾಧ್ಯತೆ ಹೆಚ್ಚು.

‘ಕೊನೆಯ ನೂರು ಪುಟ ಅದ್ಭುತ’ ಎಂಬುದು ಇನ್ನೊಂದು. ನಡುವಿನ ಸಂಪುಟ ಬರೆಯುವವರು ಪುಸ್ತಕಕ್ಕೆ ಒಂದು ಮುಕ್ತಾಯದ ಭಾವ ಕೊಡಲು ದೊಡ್ಡ ಘಟನೆಯೊಂದನ್ನು ಕೊನೆಗೆ ಕಾದಿರಿಸುವುದು ವಾಡಿಕೆ. ಹೊಗಳಿಕೆಯೆಲ್ಲ ಕೊನೆಯ ಭಾಗಕ್ಕೇ ಮೀಸಲಾಗಿದ್ದರೆ, ಅದಕ್ಕೂ ಹಿಂದಿನ ಏಳುನೂರು ಪುಟಗಳಿಗೆ ತಾಳ್ಮೆ ಬೇಕೆಂಬ ಸೂಚನೆ ಆ ಹೊಗಳಿಕೆಯಲ್ಲೇ ಅಡಗಿರುತ್ತದೆ.

ಪಾತ್ರವೊಂದರ ಮೇಲಿನ ಸಿಟ್ಟು ಮೂರನೆಯದು: ಅವನು ಮೂರ್ಖನಂತೆ ವರ್ತಿಸುತ್ತಾನೆ, ಅವಳು ಸದಾ ಕೊರಗುತ್ತಾಳೆ. ನಡುವಿನ ಸಂಪುಟದಲ್ಲಿ ಪಾತ್ರಗಳು ತಪ್ಪು ಮಾಡುವುದು, ಕುಗ್ಗುವುದು, ತಮ್ಮನ್ನು ತಾವೇ ಶಂಕಿಸುವುದು ಕಥೆಯ ಅಗತ್ಯವೇ ಆಗಿರುತ್ತದೆ. ಅದನ್ನು ಲೇಖಕರು ಸರಿಯಾಗಿ ನಿಭಾಯಿಸಿದ್ದಾರೆಯೆ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಸರಣಿ ಮುಗಿಸಿದವರ ಮತ್ತು ಮುಗಿಸದವರ ಉತ್ತರ ಅತಿ ಹೆಚ್ಚು ಬೇರೆಯಾಗುವುದು ಈ ಪ್ರಶ್ನೆಯಲ್ಲೇ, ಏಕೆಂದರೆ ಪಾತ್ರ ಆ ಕುಸಿತದಿಂದ ಎದ್ದು ಎಲ್ಲಿಗೆ ಹೋಯಿತೆಂಬುದು ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ.

ಸರಣಿ ಮುಗಿಯದೇ ಇದ್ದಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮುಂದೆ ಯಾವಾಗಲಾದರೂ ಕೊನೆಯ ಸಂಪುಟ ಬರುತ್ತದೆಂಬ ಊಹೆಯ ಮೇಲೆ ನಿಂತಿದೆ. ಎಲ್ಲ ಸರಣಿಗಳಿಗೂ ಆ ಭಾಗ್ಯವಿಲ್ಲ. ಪ್ಯಾಟ್ರಿಕ್ ರಾತ್‌ಫಸ್ ಅವರ ನಾಯಕ ದಿನಕ್ಕೊಂದು ಸಂಪುಟದಂತೆ ಮೂರು ದಿನ ತನ್ನ ಕಥೆ ಹೇಳುವಂತೆ ಯೋಜಿತವಾದ ಸರಣಿಯ ಮೊದಲ ಸಂಪುಟ 2007ರಲ್ಲಿ, ಎರಡನೆಯದಾದ ‘ದ ವೈಸ್ ಮ್ಯಾನ್ಸ್ ಫಿಯರ್’ 2011ರಲ್ಲಿ ಬಂದವು. ಮೂರನೆಯದು ಇನ್ನೂ ಬಂದಿಲ್ಲ. ಎರಡನೆಯ ಸಂಪುಟ ಮೊದಲನೆಯದಕ್ಕಿಂತ ಉದ್ದವಾದದ್ದು. ನಾಯಕನ ಗುರುಕುಲದ ದಿನಗಳು, ದೂರದ ಪ್ರಯಾಣ, ಬೇರೆ ಜನರ ನಡುವಿನ ವಾಸ ಎಲ್ಲವೂ ವಿಸ್ತಾರವಾಗಿ ಬರುತ್ತವೆ, ಆದರೆ ಮೊದಲ ಸಂಪುಟ ಎತ್ತಿದ ಮುಖ್ಯ ರಹಸ್ಯಗಳಲ್ಲಿ ಹೆಚ್ಚಿನವು ಹಾಗೆಯೇ ಉಳಿಯುತ್ತವೆ. ಒಂದು ಪಕ್ಷದ ಓದುಗರು ಆ ವಿಸ್ತಾರದಲ್ಲಿ ಸುಳಿವುಗಳನ್ನು ಕಾಣುತ್ತಾರೆ. ಹಾಡಿನ ಸಾಲುಗಳನ್ನೂ ಪಾತ್ರಗಳು ಹೇಳುವ ಕಟ್ಟುಕಥೆಗಳನ್ನೂ ಜೋಡಿಸಿ ಮೂರನೆಯ ಸಂಪುಟವನ್ನು ಊಹಿಸುತ್ತಾರೆ. ಇನ್ನೊಂದು ಪಕ್ಷದವರು ಅದೇ ಪುಟಗಳನ್ನು ಅನಗತ್ಯ ಬೆಳವಣಿಗೆ ಎನ್ನುತ್ತಾರೆ, ಇಷ್ಟೊಂದು ಬಾಕಿಯನ್ನು ಒಂದೇ ಪುಸ್ತಕ ತೀರಿಸಲು ಸಾಧ್ಯವಿಲ್ಲವೆಂದು ಲೆಕ್ಕ ಒಪ್ಪಿಸುತ್ತಾರೆ. ಈ ವಾದವನ್ನು ತೀರ್ಮಾನಿಸಬೇಕಾದ ಸಾಕ್ಷ್ಯವಿರುವುದು ಪ್ರಕಟವಾಗದ ಸಂಪುಟದಲ್ಲಿ. ಹಾಗಾಗಿ 2011ರಲ್ಲಿ ಬರೆದ ಅಭಿಪ್ರಾಯಕ್ಕೆ ಇದ್ದ ಮಿತಿಯೇ ಇಂದು ಬರೆಯುವ ಅಭಿಪ್ರಾಯಕ್ಕೂ ಇದೆ. ಈಗ ಅದನ್ನು ಓದಲು ಹೊರಡುವವರು ಎರಡೂ ಪಕ್ಷದವರ ಮಾತಿನಿಂದ ಖಚಿತವಾಗಿ ತೆಗೆದುಕೊಳ್ಳಬಹುದಾದದ್ದು, ಗುರಿಯ ಚಿಂತೆಯಿಲ್ಲದೆ ಆ ಪುಟಗಳ ಬರವಣಿಗೆಯನ್ನೇ ಸವಿಯಲು ಅವರಿಗೆ ಸಾಧ್ಯವಾಯಿತೆ ಇಲ್ಲವೆ ಎಂಬ ಮಾಹಿತಿಯನ್ನು ಮಾತ್ರ.